ಲಸಿಕೆ ಕಾರ್ಡಿನ ‘ಎಚ್’ ಎಲ್ಲಿಂದ ಬಂತು?

ನಿಮ್ಮ ನಾಯಿಮರಿಯ ಲಸಿಕೆ ಕಾರ್ಡ್ ತೆಗೆದು ನೋಡಿ. ‘ಡಿಎಚ್‌ಪಿಪಿಐ’ ಅಂತ ಇರುತ್ತಲ್ಲ, ಅದರ ‘ಎಚ್’ ಅಂದ್ರೆ ಹೆಪಟೈಟಿಸ್. (ಮನುಷ್ಯರದ್ದೇ ಬೇರೆ, ಇದೇ ಬೇರೆ. ಹೆದರ್ಬೇಡಿ.)

ಕಥೆ ಶುರುವಾಗೋದು ನರಿಗಳಿಂದ! 1920ರ ದಶಕದಲ್ಲಿ ಅಮೆರಿಕದಲ್ಲಿ ತುಪ್ಪಳಕ್ಕಾಗಿ ಸಾಕಿದ್ದ ನರಿಗಳು ಫಿಟ್ಸ್ ಬಂದು ಸಾಯ್ತಿದ್ವು. 1947ರಲ್ಲಿ ಸ್ವೀಡನ್ನಿನ ಸ್ವೆನ್ ರುಬಾರ್ತ್ ನಾಯಿಗಳ ಲಿವರ್ ರೋಗವೊಂದನ್ನು ವಿವರವಾಗಿ ಬರೆದರು. ಎರಡಕ್ಕೂ ಕಾರಣ ಒಂದೇ ವೈರಸ್ ಅಂತ ಆಮೇಲೆ ಗೊತ್ತಾಯ್ತು.

ಮೊದಲ ಲಸಿಕೆಗಳು ರೋಗ ತಡೆದ್ವು, ಆದ್ರೆ ಕೆಲವು ನಾಯಿಗಳ ಕಣ್ಣು ನೀಲಿಯಾಗಿ ಮಬ್ಬಾಗ್ತಿತ್ತು. ಕೊನೆಗೆ ನಾಯಿಗೆ ಕೆಮ್ಮು ತರೋ, ಇದರದ್ದೇ ದಾಯಾದಿ ವೈರಸ್ಸಿಂದ ಲಸಿಕೆ ಮಾಡಿದ್ರು. ಕಣ್ಣೂ ಉಳೀತು, ಲಿವರೂ ಉಳೀತು. ಈಗ ಹಾಕಿಸೋದು ಅದನ್ನೇ.

ಲಸಿಕೆ ಆಗದ ಮರಿಗೆ ಮಾತ್ರ ಇದು ಹಳೇ ರೋಗವೇ ಅಲ್ಲ. ವಾಸಿಯಾದ ನಾಯಿಯ ಮೂತ್ರದಲ್ಲಿ ಆರು ತಿಂಗಳಾದ್ರೂ ವೈರಸ್ ಇರಬಹುದು. ರೋಗ ಜೋರಾದ್ರೆ, ಲಕ್ಷಣ ಕಂಡ ಕೆಲವೇ ಗಂಟೆಗಳಲ್ಲಿ ಮರಿ ಹೋಗಿಬಿಡುತ್ತೆ.