ಅಂಬಾಸಿಡರ್ ಕೆಟ್ಟಿತೋ, ರಸ್ತೆ ಬದಲಾಯಿತೋ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಮದುವೆ ದಿಬ್ಬಣಕ್ಕೂ ಚುನಾವಣಾ ಪ್ರಚಾರಕ್ಕೂ ಆಸ್ಪತ್ರೆಯ ತುರ್ತಿಗೂ ಜೀಪು ಬಿಟ್ಟರೆ ಅಂಬಾಸಿಡರ್ ಕಾರೇ ಗತಿ ಎಂಬ ಕಾಲವೊಂದಿತ್ತು. ಮುಂದೆ ಅದೇ ಕಾರಿನ ಬಗ್ಗೆ 'ಹಳೆಯದು ಗಟ್ಟಿ, ಈಚಿನದು ಬರೀ ತಗಡು' ಎಂಬ ದೂರು ಹುಟ್ಟಿಕೊಂಡಿತು. ಇದು ಎಷ್ಟರ ಮಟ್ಟಿಗೆ ನಿಜ?

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಈ ಕಾರನ್ನು ಹಿಂದುಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸತೊಡಗಿತು. ಲೈಸೆನ್ಸ್ ರಾಜ್ಯದಲ್ಲಿ ಪೈಪೋಟಿ ಎಂದರೆ ಫಿಯೆಟ್, ಸ್ಟ್ಯಾಂಡರ್ಡ್ ಅಷ್ಟೆ. ವರ್ಷಗಟ್ಟಲೆ ಕಾದು ಕೊಂಡವರು ದೂರುವುದಾದರೂ ಯಾರಿಗೆ?

ಹಳೆಯ ಅಂಬಾಸಿಡರ್ ಕೆಡುತ್ತಿರಲಿಲ್ಲ ಎಂದಲ್ಲ, ಕೆಟ್ಟರೆ ರಿಪೇರಿಯಾಗುತ್ತಿತ್ತು. ಬಾನೆಟ್ ಎತ್ತಿದರೆ ಕೈಯಾಡಿಸಲು ಧಾರಾಳ ಜಾಗ, ಸರಳ ಎಂಜಿನ್, ಊರೂರಲ್ಲೂ ಕೆಲಸ ಬಲ್ಲ ಮೆಕ್ಯಾನಿಕ್. ಮಣ್ಣುರಸ್ತೆಯ ಹಳ್ಳಿಯಿಂದ ರಾತ್ರಿ ಬಾಣಂತಿಯನ್ನು ಕರೆತರುವವರಿಗೆ ಬೇಕಿದ್ದ ಭರವಸೆ ಇದೇ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ, ಪದೇ ಪದೇ ಗ್ಯಾರೇಜಿನ ಮುಖ ನೋಡದ ಕಾರೂ ಇರಬಹುದೆಂದು ಜನರಿಗೆ ತಿಳಿಯಿತು. ತೊಂಬತ್ತರ ದಶಕದಲ್ಲಿ ಅಂಬಾಸಿಡರ್‌ಗೆ ಇಸುಜು ಎಂಜಿನ್ ಕೂಡಿಸಿದರೂ ಒಡಲು ಹಳೆಯದೇ ಉಳಿಯಿತು. ಹಿರಿಯೂರು, ಚಿತ್ರದುರ್ಗದ ಮೂಲಕ ಸುವರ್ಣ ಚತುಷ್ಪಥ ಹೆದ್ದಾರಿ ಹಾದಾಗ ಗುಂಡಿ ತಾಳುವ ಗುಣಕ್ಕಿಂತ ವೇಗಕ್ಕೇ ಬೆಲೆ ಹೆಚ್ಚಿತು. ತುಕ್ಕಿನ ದೂರು, ಜೋಡಣೆಯ ದೂರು ಸುಳ್ಳಲ್ಲ. ಆದರೆ ಕಾರು ಹಿಂದೆ ಸರಿದದ್ದಕ್ಕಿಂತ ನಿಂತಲ್ಲೇ ನಿಂತದ್ದು ಹೆಚ್ಚು.

ಎಂಬತ್ತರ ದಶಕದಲ್ಲಿ ವರ್ಷಕ್ಕೆ ಸುಮಾರು 24,000 ಇದ್ದ ಮಾರಾಟ 2013-14ರಲ್ಲಿ 2,200ರ ಆಸುಪಾಸಿಗೆ ಇಳಿಯಿತು. 2014ರ ಮೇ ತಿಂಗಳಲ್ಲಿ ತಯಾರಿಕೆ ನಿಂತಿತು. ಮೂರು ವರ್ಷಗಳ ನಂತರ ಫ್ರಾನ್ಸಿನ ಪೆಜೊ ಕಂಪೆನಿ 80 ಕೋಟಿ ರೂಪಾಯಿ ಕೊಟ್ಟು ಕೊಂಡದ್ದು ಅಂಬಾಸಿಡರ್ ಎಂಬ ಹೆಸರನ್ನು.