ಒಂದೇ ಕರ್ಣದ ನಾಲ್ಕು ಆಯತಗಳು: ಗಣಿತಸಾರಸಂಗ್ರಹದಲ್ಲಿ ಸಮರೂಪತೆಯ ಪಾಠ

ಕರ್ಣದ ಅಳತೆ 65 ಆಗಿರುವ ನಾಲ್ಕು ಆಯತಗಳಿವೆ. ಅವುಗಳ ಭುಜ ಕೋಟಿಗಳನ್ನು ಹೇಳಬೇಕು. ಮಹಾವೀರಾಚಾರ್ಯರು ಗಣಿತಸಾರಸಂಗ್ರಹದ ಕ್ಷೇತ್ರಗಣಿತಾಧ್ಯಾಯದಲ್ಲಿ ಒಡ್ಡುವ ಪ್ರಶ್ನೆಗಳಲ್ಲಿ ಇದೂ ಒಂದು. ಉತ್ತರ ಹೀಗಿದೆ: 39 ಮತ್ತು 52, 25 ಮತ್ತು 60, 33 ಮತ್ತು 56, 16 ಮತ್ತು 63. ಪ್ರತಿ ಜೋಡಿಯನ್ನೂ ವರ್ಗಿಸಿ ಕೂಡಿದರೆ ನಾಲ್ಕು ಸಲವೂ 4225 ಬರುತ್ತದೆ. ಅದು 65ರ ವರ್ಗ. ಶಾಲೆಯಲ್ಲಿ ಪೈಥಾಗೊರಸನ ಹೆಸರಿನಲ್ಲಿ ಕಲಿತ ಸಂಬಂಧವಷ್ಟೇ ಇಲ್ಲಿದೆ ಎಂದುಕೊಂಡು ಪುಟ ತಿರುವಿಬಿಡುವುದು ಸುಲಭ. ಆದರೆ ಈ ಉದ್ದೇಶಕಕ್ಕೆ ಮೊದಲು ಆಚಾರ್ಯರು ಕೊಡುವ ಕರಣಸೂತ್ರವನ್ನು ನಿಧಾನವಾಗಿ ಓದಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಇಂದು ಮಾಧ್ಯಮಿಕ ಶಾಲೆಗಳಲ್ಲಿ ಸಮರೂಪ ಆಕೃತಿಗಳು, ಸ್ಕೇಲ್ ಫ್ಯಾಕ್ಟರ್ ಎಂಬ ಹೆಸರುಗಳಲ್ಲಿ ನಡೆಯುವ ಪಾಠದ ತಿರುಳು ಆ ಒಂದು ಸೂತ್ರದಲ್ಲಿ ಅಡಗಿದೆ. ಕಲಿಸುವ ಕ್ರಮ ಮಾತ್ರ ಇಂದಿನದಕ್ಕಿಂತ ತೀರ ಬೇರೆ.

ಗ್ರಂಥದ ಪರಿಚಯವನ್ನು ಇಲ್ಲಿ ಹೆಚ್ಚು ಬೆಳೆಸಬೇಕಾಗಿಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಕ್ರಿ.ಶ. 850ರ ಸುಮಾರಿಗೆ, ಸಂಸ್ಕೃತದಲ್ಲಿ ರಚಿತವಾದ ಕೃತಿ ಇದು. ಆರಂಭದಲ್ಲಿಯೇ ಅರಸನ ಸ್ತುತಿಯಿದೆ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಿಂದ ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮನವರ ಸಂಪಾದನೆಯಲ್ಲಿ ಕನ್ನಡ ಅನುವಾದದೊಡನೆ ಹೊಂಬುಜದಿಂದ ಬಂದಿತು. ಕವಿರಾಜಮಾರ್ಗ ಹುಟ್ಟಿದ ಕಾಲದ, ಅದೇ ಅರಸನ ಹೆಸರಿನೊಡನೆ ಸೇರಿಕೊಂಡ ಗ್ರಂಥವಾಗಿದ್ದರೂ ನಮ್ಮ ಸಾಹಿತ್ಯ ವಿಭಾಗಗಳಲ್ಲಿ ಇದರ ಹೆಸರು ಒಂದು ಸಾಲಿನ ಉಲ್ಲೇಖವಾಗಿ ಮುಗಿಯುತ್ತದೆ. ಗಣಿತ ವಿಭಾಗದವರು ಇದು ಸಂಸ್ಕೃತ ಶ್ಲೋಕಗಳ ಪುಸ್ತಕವೆಂದು ದೂರವಿಡುತ್ತಾರೆ. ಹೀಗೆ ಎರಡು ಮನೆಗಳ ನಡುವೆ ಅನಾಥವಾದ ಗ್ರಂಥವಿದು.

ಇನ್ನು ಸೂತ್ರದ ಮಾತು. ಮಹಾವೀರರು ಮೊದಲು ‘ಬೀಜ’ಗಳಿಂದ ಆಯತವನ್ನು ಹುಟ್ಟಿಸುವ ಕ್ರಮವನ್ನು ಹೇಳುತ್ತಾರೆ. ಎರಡು ಸಂಖ್ಯೆಗಳನ್ನು ಬೀಜಗಳಾಗಿ ಹಿಡಿದುಕೊಂಡರೆ, ಅವುಗಳ ವರ್ಗಗಳ ಅಂತರ ಒಂದು ಬಾಹು, ಅವುಗಳ ಗುಣಲಬ್ಧದ ಇಮ್ಮಡಿ ಇನ್ನೊಂದು ಬಾಹು, ವರ್ಗಗಳ ಮೊತ್ತ ಕರ್ಣ. ಹೀಗೆ ಹುಟ್ಟಿದ ಆಕೃತಿಗೆ ‘ಜನ್ಯ’ವೆಂದು ಹೆಸರು. ಬೀಜಗಳು 2 ಮತ್ತು 1 ಆದರೆ 3, 4, 5 ಹುಟ್ಟುತ್ತವೆ. 3 ಮತ್ತು 2 ಆದರೆ 5, 12, 13. ಆದರೆ ಪ್ರಶ್ನೆ ಕೇಳಿರುವುದು ಕರ್ಣ 65 ಇರುವ ಆಯತವನ್ನು. ಆಗ ಮಾಡಬೇಕಾದುದಿಷ್ಟು: ಬೇಕಾದ ಕರ್ಣವನ್ನು ಜನ್ಯದ ಕರ್ಣದಿಂದ ಭಾಗಿಸಬೇಕು; ಬಂದ ಲಬ್ಧದಿಂದ ಜನ್ಯದ ಭುಜ, ಕೋಟಿ, ಕರ್ಣ ಮೂರನ್ನೂ ಗುಣಿಸಬೇಕು. 65ನ್ನು 5ರಿಂದ ಭಾಗಿಸಿದರೆ 13. ಅದರಿಂದ 3 ಮತ್ತು 4 ಬೆಳೆದು 39 ಮತ್ತು 52 ಆಗುತ್ತವೆ. 65ನ್ನು 13ರಿಂದ ಭಾಗಿಸಿದರೆ 5. 5 ಮತ್ತು 12 ಬೆಳೆದು 25 ಮತ್ತು 60 ಆಗುತ್ತವೆ. ಬೀಜಗಳು 7 ಮತ್ತು 4 ಆದರೂ, 8 ಮತ್ತು 1 ಆದರೂ ಕರ್ಣ ನೇರವಾಗಿ 65 ಆಗಿಯೇ ಹುಟ್ಟುತ್ತದೆ; ಅಲ್ಲಿ ಲಬ್ಧ 1. ನಾಲ್ಕು ಉತ್ತರಗಳು ದೊರೆತ ಬಗೆ ಇದು.

ಆ ಲಬ್ಧವೇ ಇಂದಿನ ಸ್ಕೇಲ್ ಫ್ಯಾಕ್ಟರ್. ಒಂದು ಆಕೃತಿ ಕೈಯಲ್ಲಿದೆ. ಅದೇ ರೂಪದ, ಬೇರೆ ಗಾತ್ರದ ಆಕೃತಿ ಬೇಕು. ಒಂದು ಅಳತೆ ಗೊತ್ತಿದ್ದರೆ ಗುಣಕ ಸಿಗುತ್ತದೆ. ಗುಣಕ ಸಿಕ್ಕರೆ ಉಳಿದುದೆಲ್ಲ ಸಿಗುತ್ತದೆ. ಶಾಲೆಯಲ್ಲಿ ಈ ಪಾಠ ವ್ಯಾಖ್ಯೆಯಿಂದ ಆರಂಭವಾಗುತ್ತದೆ. ಅನುರೂಪ ಕೋನಗಳು ಸಮವಾಗಿದ್ದು, ಅನುರೂಪ ಬಾಹುಗಳು ಸಮಾನುಪಾತದಲ್ಲಿದ್ದರೆ ಆಕೃತಿಗಳು ಸಮರೂಪವೆನಿಸುತ್ತವೆ ಎಂದು ಬಾಯಿಪಾಠ ಮಾಡಿಸಿ, ಪಕ್ಕಪಕ್ಕದಲ್ಲಿ ಎರಡು ತ್ರಿಭುಜಗಳನ್ನು ಬರೆದು ತೋರಿಸುತ್ತೇವೆ. ಮಗು ಎರಡು ಚಿತ್ರಗಳನ್ನು ನೋಡುತ್ತದೆ, ಒಂದು ಇನ್ನೊಂದಾಗುವ ಕ್ರಿಯೆಯನ್ನು ನೋಡುವುದಿಲ್ಲ. ಮಹಾವೀರರ ಸೂತ್ರದಲ್ಲಿ ಚಿತ್ರಗಳ ಹೋಲಿಕೆಯಿಲ್ಲ, ಕ್ರಿಯೆಯೇ ಇದೆ.

ಈ ವ್ಯತ್ಯಾಸ ಸಣ್ಣದೇನಲ್ಲ. ಸಮರೂಪ ಆಕೃತಿಗಳ ಪಾಠದಲ್ಲಿ ಹನ್ನೆರಡು, ಹದಿಮೂರರ ವಯಸ್ಸಿನ ಮಕ್ಕಳು ಮಾಡುವ ಮುಖ್ಯ ತಪ್ಪೊಂದನ್ನು ಗಣಿತ ಬೋಧನೆಯ ಸಂಶೋಧಕರು ಬಹಳ ಹಿಂದೆಯೇ ಗುರುತಿಸಿದ್ದಾರೆ: ಗುಣಿಸಬೇಕಾದಲ್ಲಿ ಕೂಡುವುದು. ಕರ್ಣ 5 ಇದ್ದುದು 65 ಆಗಬೇಕಾದರೆ 60 ಹೆಚ್ಚಾಗಬೇಕು, ಹಾಗಾದರೆ ಉಳಿದ ಬಾಹುಗಳಿಗೂ 60 ಸೇರಿಸಿದರೆ ಆಯಿತಲ್ಲ ಎಂದು ಮಗು ಯೋಚಿಸುತ್ತದೆ. 3 ಮತ್ತು 4 ಆಗ 63 ಮತ್ತು 64 ಆಗುತ್ತವೆ. ಇದನ್ನು ತಪ್ಪೆಂದು ಕೆಂಪು ಶಾಯಿಯಲ್ಲಿ ಗೀಟೆಳೆಯುವುದರಿಂದ ಏನೂ ಆಗದು. ಮಹಾವೀರರ ಪ್ರಶ್ನೆಯನ್ನೇ ಕೊಟ್ಟರೆ ತಪ್ಪು ತಾನಾಗಿ ಬಯಲಾಗುತ್ತದೆ: 63 ಮತ್ತು 64ನ್ನು ವರ್ಗಿಸಿ ಕೂಡಿದರೆ 8065, ಬೇಕಾದುದು 4225. ಆಕೃತಿ ಕೆಟ್ಟಿದೆ, ಮೂರು ನಾಲ್ಕರ ಆಯತ ಹೆಚ್ಚುಕಡಿಮೆ ಚೌಕವೇ ಆಗಿಬಿಟ್ಟಿದೆ ಎಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ತಪ್ಪನ್ನು ತೋರಿಸಿಕೊಡುವ ಸಾಮರ್ಥ್ಯ ಪ್ರಶ್ನೆಯ ಒಳಗೇ ಇರುವುದು ಒಳ್ಳೆಯ ಪಠ್ಯದ ಲಕ್ಷಣ. ಸಾವಿರ ವರ್ಷ ಹಳೆಯ ಪಠ್ಯದಲ್ಲಿ ಅದಿದೆ.

ಪರಿಭಾಷೆಯ ಬಗೆಗೂ ಒಂದು ಮಾತು. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ಚತುರ್ಭುಜದ ಎದುರು ಶೃಂಗಗಳನ್ನು ಸೇರಿಸುವ ರೇಖೆ ‘ಕರ್ಣ’, ಲಂಬಕೋನ ತ್ರಿಭುಜದ ದೊಡ್ಡ ಬಾಹು ‘ವಿಕರ್ಣ’. ಹಳೆಯ ಗಣಿತದಲ್ಲಿ ಎರಡೂ ಕರ್ಣವೇ, ಏಕೆಂದರೆ ಲಂಬಕೋನ ತ್ರಿಭುಜವನ್ನು ಅವರು ಆಯತದ ಅರ್ಧವೆಂದೇ ಕಂಡರು. 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲಿ ರಚಿಸಿದಾಗ, ಅದಕ್ಕೂ ಮೊದಲು ಪಾವುಲೂರಿ ಮಲ್ಲನನು ಗಣಿತಸಾರಸಂಗ್ರಹವನ್ನು ತೆಲುಗಿಗೆ ತಂದಾಗ, ಈ ವಿದ್ಯೆ ದೇಶಭಾಷೆಗಳಲ್ಲಿ ಪದ್ಯವಾಗಿ ಬಾಯಿಂದ ಬಾಯಿಗೆ ಸಾಗುವಂತಾಯಿತು. ಹಳಗನ್ನಡದ ವಿದ್ಯಾರ್ಥಿಗಳಿಗೆ ರಾಜಾದಿತ್ಯನ ಕೃತಿಗಳು ಇನ್ನೂ ಸರಿಯಾದ ಸಾಹಿತ್ಯಕ ಅಧ್ಯಯನವಾಗದ ಹೊಲವೆಂದೇ ನನ್ನ ಅಭಿಪ್ರಾಯ.

ಹಾಗೆಂದು ಯೂಕ್ಲಿಡನ ಸಮರೂಪತಾ ಸಿದ್ಧಾಂತವೆಲ್ಲ ಮಹಾವೀರರಲ್ಲಿದೆ ಎಂದು ಹೇಳಹೊರಟರೆ ಅದು ಅಭಿಮಾನದ ಮಾತಾದೀತು, ಇತಿಹಾಸವಾಗದು. ಎಲಿಮೆಂಟ್ಸ್ ಗ್ರಂಥದ ಆರನೆಯ ಪುಸ್ತಕದಲ್ಲಿ ವ್ಯಾಖ್ಯೆ, ಪ್ರಮೇಯ, ಸಾಧನೆ ಎಂಬ ಕಟ್ಟು ಇದೆ. ಗಣಿತಸಾರಸಂಗ್ರಹದಲ್ಲಿರುವುದು ಕರಣಸೂತ್ರ ಮತ್ತು ಉದ್ದೇಶಕ. ಏಕೆ ಹೀಗಾಗುತ್ತದೆ ಎಂಬ ವಿವರಣೆಯನ್ನು ಗುರುಮುಖದಿಂದಲೋ ವ್ಯಾಖ್ಯಾನದಿಂದಲೋ ಪಡೆಯಬೇಕು. ಇಂದಿನ ತರಗತಿಗೆ ಎರಡೂ ಬೇಕು. ಯಾವುದು ಮೊದಲು ಎಂಬುದಷ್ಟೇ ಪ್ರಶ್ನೆ.

ಗ್ರಂಥದ ಕೊನೆಯ ಅಧ್ಯಾಯ ಛಾಯಾವ್ಯವಹಾರ. ಶಂಕುವಿನ ನೆರಳಿನಿಂದ ಕಂಬದ ಎತ್ತರವನ್ನು ತಿಳಿಯುವುದು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಕಂಬದ ನೆರಳು ನೆಲದ ಮೇಲೆ ಸ್ವಲ್ಪ ದೂರ ಸಾಗಿ, ಬಳಿಕ ಗೋಡೆಯನ್ನೇರುವ ಪ್ರಶ್ನೆಗಳು ಮಾತ್ರ ಈ ಅಧ್ಯಾಯದ ವಿಶೇಷ ಸೊಗಸು. ಅದೇ ಬಗೆಯ ಲೆಕ್ಕವೊಂದನ್ನು ಹೀಗೆ ಮಾಡಿಕೊಳ್ಳಬಹುದು: 12 ಅಂಗುಲದ ಶಂಕುವಿಗೆ 16 ಅಂಗುಲ ನೆರಳು. 15 ಹಸ್ತದ ಕಂಬದ ಬುಡದಿಂದ 8 ಹಸ್ತ ದೂರದಲ್ಲಿ ಗೋಡೆಯಿದೆ. ಗೋಡೆಯಿಲ್ಲದಿದ್ದರೆ ನೆರಳು 20 ಹಸ್ತ ಚಾಚುತ್ತಿತ್ತು. ಗೋಡೆ ತಡೆದದ್ದು 12 ಹಸ್ತ. ಅದಕ್ಕೆ ಸಲ್ಲುವ ಎತ್ತರ 9 ಹಸ್ತ. ನೆರಳು ಗೋಡೆಯ ಮೇಲೆ ಅಷ್ಟು ಏರುತ್ತದೆ. ಇಲ್ಲಿ ದೊಡ್ಡ ತ್ರಿಭುಜದೊಳಗೆ ಅದೇ ರೂಪದ ಸಣ್ಣ ತ್ರಿಭುಜ ಅಡಗಿದೆ. ಶಾಲೆಯ ಅಂಗಳದಲ್ಲಿ ಬೆಳಗಿನ ಬಿಸಿಲು, ಒಂದು ಕೋಲು, ಧ್ವಜಸ್ತಂಭ, ಒಂದು ಗೋಡೆ ಇದ್ದರೆ ಸಾಕು.

ಇಷ್ಟರವರೆಗಿನದು ಉದ್ದಳತೆಯ ಮಾತು. ಸಮರೂಪತೆಯ ನಿಜವಾದ ಕಷ್ಟ ಕ್ಷೇತ್ರಫಲದಲ್ಲಿದೆ. ಬಾಹುವನ್ನು ಇಮ್ಮಡಿಸಿದರೆ ಕ್ಷೇತ್ರಫಲವೂ ಇಮ್ಮಡಿಸುತ್ತದೆಂಬ ಭ್ರಮೆ ಬಹು ಹಳೆಯದು. ಪ್ಲೇಟೋನ ಮೆನೋ ಸಂವಾದದಲ್ಲಿ ಸಾಕ್ರಟೀಸನ ಪ್ರಶ್ನೆಗೆ ದಾಸ ಬಾಲಕ ಕೊಡುವ ಮೊದಲ ಉತ್ತರವೂ ಅದೇ. ಮಹಾವೀರರು ಕ್ಷೇತ್ರಗಣಿತದಲ್ಲಿ ‘ಪೈಶಾಚಿಕ’ ಎಂಬ ಒಂದು ಭಾಗವನ್ನೇ ಇಟ್ಟಿದ್ದಾರೆ. ಪಿಶಾಚದಂತೆ ಕಾಡುವ ಲೆಕ್ಕಗಳೆಂದು ಅರ್ಥ. ಶಾಸ್ತ್ರಗ್ರಂಥದಲ್ಲಿ ಇಂಥ ಹೆಸರಿಡುವ ಆಚಾರ್ಯರಿಗೆ ವಿನೋದಪ್ರಜ್ಞೆ ಇದ್ದಿರಲೇಬೇಕು. ಆಯತದ ಸುತ್ತಳತೆಯ ಸಂಖ್ಯೆಯೂ ಕ್ಷೇತ್ರಫಲದ ಸಂಖ್ಯೆಯೂ ಸಮವಾಗಬೇಕು ಎಂಬಂಥ ಪ್ರಶ್ನೆಗಳು ಅಲ್ಲಿವೆ. ಕ್ರಮವನ್ನು ನಮ್ಮ 3, 4ರ ಆಯತದಲ್ಲಿಯೇ ನೋಡೋಣ. ಸುತ್ತಳತೆ 14, ಕ್ಷೇತ್ರಫಲ 12. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 7/6. ಈ ಗುಣಕದಿಂದ ಬಾಹುಗಳನ್ನು ಗುಣಿಸಿದರೆ 7/2 ಮತ್ತು 14/3. ಈಗ ಸುತ್ತಳತೆ 49/3, ಕ್ಷೇತ್ರಫಲವೂ 49/3. ಮಂತ್ರದಂತೆ ಕಾಣುವ ಈ ಲೆಕ್ಕದ ಗುಟ್ಟು ಒಂದೇ: ಗುಣಕವು ಸುತ್ತಳತೆಯನ್ನು ಒಂದು ಸಲ ಗುಣಿಸುತ್ತದೆ, ಕ್ಷೇತ್ರಫಲವನ್ನು ಎರಡು ಸಲ. 14ಕ್ಕೆ ಹಿಂದೆ ಬಿದ್ದಿದ್ದ 12, ಒಂದು ಗುಣಾಕಾರ ಹೆಚ್ಚಾಗಿ ಪಡೆದು ಅದನ್ನು ಹಿಡಿದುಬಿಡುತ್ತದೆ. ಕ್ಷೇತ್ರಫಲಗಳ ಅನುಪಾತ ಬಾಹುಗಳ ಅನುಪಾತದ ವರ್ಗವೆಂಬ ನಿಯಮವನ್ನು ಮಕ್ಕಳು ಹೇಳಬಲ್ಲರು. ಅದನ್ನು ಒಂದು ಕೆಲಸಕ್ಕೆ ಹಚ್ಚಿದ ಇಷ್ಟು ಚೊಕ್ಕ ಉದಾಹರಣೆಯನ್ನು ನಾನು ಇಂದಿನ ಪಠ್ಯಗಳಲ್ಲಿ ಕಂಡಿಲ್ಲ.

ಮಹಾವೀರರಿಗಿಂತ ಒಂದು ಶತಮಾನದಷ್ಟು ಈಚಿನ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರದಲ್ಲಿ ಇದೇ ತತ್ತ್ವ ಲೋಕದ ಅಳತೆಗೆ ಬಂದಿದೆ. ಜಂಬೂದ್ವೀಪ 1 ಲಕ್ಷ ಯೋಜನ ವ್ಯಾಸದ ವೃತ್ತ. ಅದನ್ನು ಸುತ್ತಿದ ಲವಣಸಮುದ್ರದ ಅಗಲ 2 ಲಕ್ಷ, ಅದರಾಚೆಯ ಧಾತಕೀಖಂಡ 4 ಲಕ್ಷ, ಕಾಲೋದಧಿ 8 ಲಕ್ಷ. ಹೀಗೆ ಅಗಲ ಇಮ್ಮಡಿಸುತ್ತ ಹೋಗುತ್ತದೆ. ಒಂದೊಂದರಲ್ಲಿಯೂ ಜಂಬೂದ್ವೀಪದಷ್ಟು ವಿಸ್ತಾರದ ಖಂಡಗಳು ಎಷ್ಟು? ಅಗಲ ಎರಡರಷ್ಟಿದ್ದರೆ ವಿಸ್ತಾರವೂ ಎರಡರಷ್ಟು ಎಂದು ಅವಸರದ ಮನಸ್ಸು ಹೇಳುತ್ತದೆ. ಲವಣಸಮುದ್ರದ ಹೊರವ್ಯಾಸ 1, 2, 2 ಕೂಡಿ 5 ಲಕ್ಷ. 5ರ ವರ್ಗದಿಂದ ಒಳಗಿನ 1ರ ವರ್ಗವನ್ನು ಕಳೆದರೆ 24. ಧಾತಕೀಖಂಡದ ಹೊರವ್ಯಾಸ 13. 169ರಿಂದ 25 ಕಳೆದು 144. ಕಾಲೋದಧಿಯ ಹೊರವ್ಯಾಸ 29. 841ರಿಂದ 169 ಕಳೆದು 672. ಈ 24, 144, 672 ಎಂಬ ಖಂಡಸಂಖ್ಯೆಗಳು ಕರಣಾನುಯೋಗದ ಓದುಗರಿಗೆ ಚಿರಪರಿಚಿತ. ಗಮನಿಸಬೇಕಾದುದೆಂದರೆ, ಪರಿಧಿಯನ್ನು ವ್ಯಾಸದ ಮೂರರಷ್ಟೆಂದು ಸ್ಥೂಲವಾಗಿ ಹಿಡಿದರೂ, 10ರ ವರ್ಗಮೂಲದಷ್ಟೆಂದು ಸೂಕ್ಷ್ಮವಾಗಿ ಹಿಡಿದರೂ ಈ ಸಂಖ್ಯೆಗಳು ಬದಲಾಗುವುದಿಲ್ಲ. ವೃತ್ತಗಳೆಲ್ಲ ಸಮರೂಪ; ಹೋಲಿಸುವಾಗ ಆ ಅಂಶ ಎರಡೂ ಕಡೆಯಿಂದ ಬಿದ್ದುಹೋಗುತ್ತದೆ. ವೃತ್ತಗಳು ವ್ಯಾಸಗಳ ವರ್ಗದ ಅನುಪಾತದಲ್ಲಿರುತ್ತವೆಂದು ಯೂಕ್ಲಿಡನು ಹನ್ನೆರಡನೆಯ ಪುಸ್ತಕದಲ್ಲಿ ಸಾಧಿಸಿದ ಮಾತನ್ನು ಇಲ್ಲಿ ಬಳಕೆಯಲ್ಲಿ ಕಾಣುತ್ತೇವೆ.

ನೇಮಿಚಂದ್ರರ ಶಿಷ್ಯ ಚಾವುಂಡರಾಯ. ಆತ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಗೊಮ್ಮಟ ಸುಮಾರು 58 ಅಡಿ. 1432ರ ಕಾರ್ಕಳದ ಮೂರ್ತಿ ಸುಮಾರು 42 ಅಡಿ. ಎತ್ತರದ ಅನುಪಾತ 1.38ರಷ್ಟು. ಎರಡೂ ನಿಜಕ್ಕೂ ಸಮರೂಪವಾಗಿದ್ದರೆ ಮೇಲ್ಮೈ 1.9ರಷ್ಟು, ಕಲ್ಲಿನ ತೂಕ 2.6ರಷ್ಟು ಆಗಬೇಕು. ಆದರೆ ಅವು ಸಮರೂಪವಲ್ಲ. ಕಾರ್ಕಳದ ಮೂರ್ತಿಯ ಮೈಕಟ್ಟು ಬೇರೆ. ಶಿಲ್ಪಿಯ ತಾಲಮಾನ ಮುಖದ ಉದ್ದವನ್ನು ಘಟಕವಾಗಿ ಹಿಡಿದು ಉಳಿದ ಅಂಗಗಳನ್ನು ಗುಣಕಗಳಿಂದ ನಿಶ್ಚಯಿಸಿಕೊಡುತ್ತದೆ. ಅದರ ಮೇಲೆ ಶಿಲ್ಪಿಯ ಕೈ, ಕಲ್ಲಿನ ಗುಣ, ಕಾಲದ ರುಚಿ ಎಲ್ಲವೂ ಸೇರುತ್ತವೆ. ಎರಡು ವಸ್ತುಗಳು ಒಂದನ್ನೊಂದು ಹೋಲುತ್ತವೆ ಎನ್ನುವುದಕ್ಕೂ ಗಣಿತದ ಅರ್ಥದಲ್ಲಿ ಸಮರೂಪವಾಗಿವೆ ಎನ್ನುವುದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಈ ಜೋಡಿಗಿಂತ ಒಳ್ಳೆಯದು ಕನ್ನಡನಾಡಿನಲ್ಲಿ ಸಿಗಲಾರದು.

ಹದಿನೈದನೆಯ ಶತಮಾನದಿಂದೀಚೆಗೆ ಗುಜರಾತ್, ರಾಜಸ್ಥಾನಗಳಲ್ಲಿ ಬಟ್ಟೆಯ ಮೇಲೆ ಬರೆದ ಅಢಾಈದ್ವೀಪದ ಪಟಗಳು ಇದೇ ಮಾತಿನ ಇನ್ನೊಂದು ಮುಖ. ಅಢಾಈದ್ವೀಪವೆಂದರೆ ಪುಷ್ಕರದ್ವೀಪದ ಒಳಗಿನ ಅರ್ಧದವರೆಗಿನ ಮನುಷ್ಯಲೋಕ. ಒಟ್ಟು ವ್ಯಾಸ 45 ಲಕ್ಷ ಯೋಜನ. ಪಟ 45 ಅಂಗುಲ ಅಗಲವಿದ್ದರೆ, ಅಳತೆಗೆ ಸರಿಯಾಗಿ ಜಂಬೂದ್ವೀಪ ನಡುವೆ 1 ಅಂಗುಲದ ಬೊಟ್ಟಾಗಬೇಕು. ಅಷ್ಟರೊಳಗೆ ಮೇರುವನ್ನೂ ಕುಲಪರ್ವತಗಳನ್ನೂ ಗಂಗಾ ಸಿಂಧುಗಳನ್ನೂ ಬರೆಯುವುದು ಯಾವ ಕುಂಚಕ್ಕೆ ಸಾಧ್ಯ? ಚಿತ್ರಕಾರರು ಜಂಬೂದ್ವೀಪವನ್ನು ಹಲವು ಪಟ್ಟು ಹಿಗ್ಗಿಸಿ, ಹೊರಗಿನ ಸಮುದ್ರಗಳನ್ನು ಕಿರಿದಾಗಿಸಿ, ಅವುಗಳಲ್ಲಿ ಮೀನುಗಳನ್ನು ಈಜಲು ಬಿಟ್ಟರು. ಅಂಥ ಒಂದು ಪಟದ ಛಾಯಾಚಿತ್ರವನ್ನೂ 1, 5, 13, 29, 45 ಎಂಬ ವ್ಯಾಸಗಳ ಪಟ್ಟಿಯನ್ನೂ ಎಂಟನೆಯ ತರಗತಿಯ ಮಕ್ಕಳ ಮುಂದಿಟ್ಟು, ಎಲ್ಲೆಲ್ಲಿ ಅಳತೆ ತಪ್ಪಿದೆ, ಎಷ್ಟು ತಪ್ಪಿದೆ ಎಂದು ಕೇಳಬಹುದು.