ಕಾಲುವೆಯ ಕಟ್ಟಕಡೆಗೆ

ನಮ್ಮ ಇಜೇರಿ, ಜೇವರ್ಗಿ ಕಡೆ ಎರಿಹೊಲ ಅಂದ್ರೆ ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜ್ವಾಳ. ಮಳೆ ನಿಂತ ಮೇಲೂ ನೆಲದ ಹಸಿಯಲ್ಲೇ ಜೋಳ ಬರುತ್ತದೆ. 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಕೃಷ್ಣಾ ಮೇಲ್ದಂಡೆ ಯೋಜನೆ ಇಂಥ ಬರದ ಸೀಮೆಗಾಗಿಯೇ ಹುಟ್ಟಿದ್ದು. ಇರೋ ನೀರನ್ನು ಹೆಚ್ಚು ಹೊಲಗಳಿಗೆ ತೆಳ್ಳಗೆ ಹರಡಬೇಕು. ಭತ್ತ, ಕಬ್ಬು ಬೇಡ, ಜೋಳ, ಕಡಲೆ, ಶೇಂಗಾದಂಥ ಬೆಳೆ ಸಾಕು ಅಂತ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು ಅನ್ನೋದು ನನ್ನ ಅಭಿಪ್ರಾಯ.

ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಮೊದಲು ಮುಟ್ಟಿದ್ದು ಸುರಪುರ, ಶಹಾಪುರದ ಹೊಲಗಳನ್ನು. ಅಲ್ಲಿ ಗದ್ದೆಗಳೆದ್ದವು. ಆಂಧ್ರದಿಂದ ಬಂದವರು ಹೊಲ ಲೀಸಿಗೆ ಹಿಡಿದು ಕ್ಯಾಂಪ್ ಕಟ್ಟಿದರು. ಅವರನ್ನಷ್ಟೇ ಬೈಯೋದು ಸುಲಭ, ನಮ್ಮವರೂ ಭತ್ತ ಹಚ್ಚಿದರು. ಹೊಲದ ಬದುವಿಗೇ ನೀರು ಹರೀತಿರುವಾಗ ಕಡಲೆ ಬಿತ್ತು ಅಂದ್ರೆ ಯಾರು ಕೇಳ್ತಾರ? ಬೆಳೆ ಪದ್ಧತಿ ಮೀರಬೇಡಿ ಅನ್ನೋ ಸರ್ಕಾರದ ಮಾತು ಕಾಗದದಲ್ಲೇ ಉಳಿಯಿತು. ಮೇಲ್ಭಾಗದ ಎರಿ ಮಣ್ಣು ನೀರು ಬಸಿಯದೆ ಜೌಗಾಯಿತು, ಸವಳಾಯಿತು. ಕೊನೆಯ ಭಾಗದ ರೈತರು ಇಂದಿಗೂ ನೀರಿಗಾಗಿ ಧರಣಿ ಕೂಡ್ತಾರೆ.

2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಅದನ್ನು ಬೆಳೆಯೋರು ಬಹುಪಾಲು ಈಗಲೂ ಮುಗಿಲನ್ನೇ ನೋಡ್ತಾರೆ.